ಜನಾಂಗಹತ್ಯೆಯ ಶಾಸನವೂ ಅದರ ನಾಲ್ಕು ಹೆಸರುಗಳೂ

೧

ಕೊಲೆಗಾರನನ್ನು ದಂಡಿಸದ ರಾಜ್ಯವು ಲೋಕದಲ್ಲಿ ಎಲ್ಲಿಯೂ ಇಲ್ಲ. ಆದರೆ ರಾಜ್ಯವೇ ತನ್ನ ಪ್ರಜೆಗಳಲ್ಲಿ ಒಂದು ಪಂಗಡವನ್ನು ನಿರ್ಮೂಲಮಾಡಲು ಹೊರಟರೆ ಅದನ್ನು ದಂಡಿಸತಕ್ಕವರು ಯಾರೆಂಬ ಪ್ರಶ್ನೆಗೆ ಬಹುಕಾಲ ಉತ್ತರವಿರಲಿಲ್ಲ. ಆಳುವವನ ಅಧಿಕಾರವು ಅವನ ಗಡಿಯೊಳಗೆ ನಿರಂಕುಶವೆಂಬ ಭಾವನೆಯೇ ರಾಷ್ಟ್ರರಾಷ್ಟ್ರಗಳ ನಡುವಣ ನ್ಯಾಯಕ್ಕೆ ತಳಹದಿಯಾಗಿದ್ದಿತು. ಈ ಭಾವನೆಗೆ ಮೇರೆಯನ್ನು ಕಟ್ಟಿದ ಬರೆಹಗಳಲ್ಲಿ ಮುಖ್ಯವಾದುದೊಂದು ೧೯೪೮ನೆಯ ಇಸವಿ ಡಿಸೆಂಬರ್ ೯ರಂದು ಹುಟ್ಟಿತು. ಆ ದಿನ ಪ್ಯಾರಿಸ್ ನಗರದಲ್ಲಿ ನೆರೆದಿದ್ದ ವಿಶ್ವಸಂಸ್ಥೆಯ ಮಹಾಸಭೆಯು, ಜನಾಂಗಹತ್ಯೆಯನ್ನು ತಡೆಗಟ್ಟುವ ಮತ್ತು ದಂಡಿಸುವ ಒಡಂಬಡಿಕೆಯನ್ನು ಒಂದು ವಿರೋಧವೂ ಇಲ್ಲದೆ ಅಂಗೀಕರಿಸಿತು. ೧೯೫೧ನೆಯ ಜನವರಿ ೧೨ರಿಂದ ಅದು ಜಾರಿಗೆ ಬಂದಿತು.

ಈ ಒಡಂಬಡಿಕೆಯ ಎರಡನೆಯ ವಿಧಿಯು ಅಪರಾಧದ ಲಕ್ಷಣವನ್ನು ಹೇಳುತ್ತದೆ. ಒಂದು ಸಮೂಹದವರನ್ನು ಕೊಲ್ಲುವುದು, ಅವರ ದೇಹಕ್ಕಾಗಲಿ ಮನಸ್ಸಿಗಾಗಲಿ ಘೋರವಾದ ಹಾನಿಯನ್ನುಂಟುಮಾಡುವುದು, ಬದುಕಿ ಉಳಿಯಲಾಗದಂಥ ಸ್ಥಿತಿಗೆ ಅವರನ್ನು ಬೇಕೆಂದೇ ನೂಕುವುದು, ಅವರಲ್ಲಿ ಸಂತಾನವಾಗದಂತೆ ತಡೆಯುವುದು, ಅವರ ಮಕ್ಕಳನ್ನು ಬಲಾತ್ಕಾರದಿಂದ ಬೇರೊಂದು ಸಮೂಹದ ವಶಕ್ಕೆ ಒಪ್ಪಿಸುವುದು—ಈ ಐದರಲ್ಲಿ ಯಾವುದೊಂದನ್ನಾದರೂ, ಆ ಸಮೂಹವನ್ನು ಪೂರ್ಣವಾಗಿಯೋ ಭಾಗಶಃವಾಗಿಯೋ ನಾಶಮಾಡಬೇಕೆಂಬ ಸಂಕಲ್ಪದಿಂದ ಮಾಡಿದರೆ ಅದು ಜನಾಂಗಹತ್ಯೆಯೆನಿಸುವುದು. ಸಮೂಹವೆಂದರೆ ಯಾವ ಸಮೂಹ? ರಾಷ್ಟ್ರ, ಜನಾಂಗ, ವಂಶ, ಮತ ಎಂಬ ನಾಲ್ಕು ಗುರುತುಗಳಲ್ಲಿ ಒಂದನ್ನು ಪಡೆದುದು ಮಾತ್ರ. ಒಂದು ರಾಜಕೀಯ ಪಕ್ಷದವರನ್ನೋ, ಒಂದು ವೃತ್ತಿಯವರನ್ನೋ, ಅಂಗವಿಕಲರನ್ನೋ ಅದೇ ಸಂಕಲ್ಪದಿಂದ, ಅದೇ ರೀತಿಯಲ್ಲಿ, ಅಷ್ಟೇ ಸಂಖ್ಯೆಯಲ್ಲಿ ಕೊಂದರೂ ಆ ಕೃತ್ಯಕ್ಕೆ ಒಡಂಬಡಿಕೆಯ ಪ್ರಕಾರ ಈ ಹೆಸರು ಸಲ್ಲದು.

ನಾಲ್ಕೇ ಹೆಸರುಗಳು ಏಕೆ, ಈ ನಾಲ್ಕೇ ಏಕೆ ಎಂಬುದು ಪರಿಶೀಲಿಸತಕ್ಕ ವಿಷಯವಾಗಿದೆ. ಕನ್ನಡದಲ್ಲಿ ನಾವು ಬಳಸುವ ‘ಜನಾಂಗಹತ್ಯೆ’ ಎಂಬ ಮಾತೇ ನಾಲ್ಕರಲ್ಲೊಂದನ್ನು ಹಿಡಿದು ಉಳಿದ ಮೂರನ್ನು ಒಳಗಡಗಿಸಿಕೊಂಡಿರುವುದನ್ನು ವಾಚಕರು ಗಮನಿಸಿರಬಹುದು. ಮೂಲಪದವನ್ನು ರಚಿಸಿದವನು ಗ್ರೀಕ್ ಭಾಷೆಯ ‘ಗೆನೊಸ್’ ಎಂಬುದರಿಂದ ಅದನ್ನು ಕಟ್ಟಿದನು. ಅದು ನಮ್ಮ ‘ಜನ’ ಶಬ್ದದ ದಾಯಾದಿ. ಪದವು ಇಷ್ಟು ವಿಶಾಲವಾಗಿದ್ದರೂ ಶಾಸನವು ಹೀಗೆ ಕಿರಿದಾದುದಕ್ಕೆ ಕಾರಣವನ್ನು ಚರಿತ್ರೆಯಲ್ಲಿ ಹುಡುಕಬೇಕು.

೨

ಪದದ ಕರ್ತನು ರಫಾಯೆಲ್ ಲೆಮ್ಕಿನ್ ಎಂಬ ಪೋಲೆಂಡಿನ ಯೆಹೂದಿ ನ್ಯಾಯವಾದಿ. ೧೯೦೦ನೆಯ ಇಸವಿಯಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದು ಈಗ ಬೆಲಾರೂಸಿನಲ್ಲಿರುವ ಪ್ರಾಂತದಲ್ಲಿ ಹುಟ್ಟಿದವನು. ೧೯೩೩ರಲ್ಲಿ ಮ್ಯಾಡ್ರಿಡ್ ನಗರದಲ್ಲಿ ನಡೆದ ದಂಡನ್ಯಾಯಜ್ಞರ ಸಮ್ಮೇಳನಕ್ಕೆ ಅವನು ಒಂದು ಪ್ರಬಂಧವನ್ನು ಕಳುಹಿಸಿ, ವಂಶದಿಂದಲೋ ಮತದಿಂದಲೋ ಸಾಮಾಜಿಕ ಸ್ಥಾನದಿಂದಲೋ ಗುರುತಾದ ಸಮೂಹಗಳ ಮೇಲಿನ ದ್ವೇಷದಿಂದ ಮಾಡುವ ಹಿಂಸೆಯನ್ನು ಎಲ್ಲ ದೇಶಗಳೂ ಅಪರಾಧವೆಂದು ಎಣಿಸಬೇಕೆಂದು ಸೂಚಿಸಿದನು. ಅದಕ್ಕೆ ಫಲ ದೊರೆಯಲಿಲ್ಲ. ೧೯೩೯ರಲ್ಲಿ ಪೋಲೆಂಡ್ ಜರ್ಮನಿಯ ವಶವಾಗುತ್ತಲೇ ಅವನು ತಪ್ಪಿಸಿಕೊಂಡು ಲಿಥುವೇನಿಯ, ಸ್ವೀಡನ್ ದೇಶಗಳನ್ನು ಹಾದು ೧೯೪೧ರಲ್ಲಿ ಅಮೆರಿಕೆಯನ್ನು ಸೇರಿದನು. ಅವನ ಬಂಧುಗಳಲ್ಲಿ ೪೯ ಮಂದಿ ನಾತ್ಸಿಗಳ ಕಾಲದಲ್ಲಿ ಮಡಿದರು. ೧೯೪೪ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಅವನು ಈ ಹೊಸ ಪದವನ್ನು ಮೊದಲು ಬಳಸಿದನು.

ನ್ಯೂರೆಂಬರ್ಗಿನಲ್ಲಿ ನಾತ್ಸಿ ಮುಖಂಡರ ಮೇಲೆ ೧೯೪೫ರಲ್ಲಿ ಹೊರಿಸಿದ ಆರೋಪಪತ್ರದಲ್ಲಿ ಈ ಪದವು ಕಾಣಿಸಿಕೊಂಡಿತಾದರೂ ೧೯೪೬ರ ತೀರ್ಪಿನಲ್ಲಿ ಅದಕ್ಕೆ ಸ್ಥಳ ದೊರೆಯಲಿಲ್ಲ. ಆ ನ್ಯಾಯಸ್ಥಾನವು ‘ಮಾನವತೆಯ ವಿರುದ್ಧ ಅಪರಾಧ’ ಎಂಬ ಬೇರೊಂದು ಹೆಸರಿನಿಂದ ದಂಡನೆಯನ್ನು ವಿಧಿಸಿತು. ಅದೂ ಬಹುಮಟ್ಟಿಗೆ ಯುದ್ಧದೊಡನೆ ಸಂಬಂಧವುಳ್ಳ ಕೃತ್ಯಗಳಿಗೆ ಮಾತ್ರ. ಯುದ್ಧಕ್ಕೆ ಮುಂಚೆ ಜರ್ಮನಿಯು ತನ್ನ ಪ್ರಜೆಗಳಿಗೇ ಮಾಡಿದ ದ್ರೋಹವು ಹೀಗೆ ನ್ಯಾಯದ ಕೈಯಿಂದ ಜಾರಿಹೋಯಿತು.

ಈ ಲೋಪವನ್ನು ಸರಿಪಡಿಸಲು ವಿಶ್ವಸಂಸ್ಥೆಯಲ್ಲಿ ಸೂಚನೆಯನ್ನು ತಂದವರು ಮೂವರು: ಕ್ಯೂಬಾ, ಪನಾಮಾ ಮತ್ತು ಭಾರತ. ಭಾರತವು ಇನ್ನೂ ಸ್ವತಂತ್ರವಾಗಿರಲಿಲ್ಲ. ಆ ಅಧಿವೇಶನದಲ್ಲಿ ನಮ್ಮ ನಿಯೋಗದ ಮುಖ್ಯಸ್ಥೆಯಾಗಿದ್ದವರು ಶ್ರೀಮತಿ ವಿಜಯಲಕ್ಷ್ಮಿ ಪಂಡಿತರು. ದಕ್ಷಿಣ ಆಫ್ರಿಕದ ಭಾರತೀಯರಿಗಾಗುತ್ತಿದ್ದ ಅನ್ಯಾಯವನ್ನು ಲೋಕದ ಮುಂದಿಟ್ಟುದೂ ಅದೇ ಅಧಿವೇಶನದಲ್ಲಿಯೇ. ೧೯೪೬ನೆಯ ಡಿಸೆಂಬರ್ ೧೧ರಂದು ಮಹಾಸಭೆಯು ಜನಾಂಗಹತ್ಯೆಯು ರಾಷ್ಟ್ರಗಳ ನ್ಯಾಯಕ್ಕೆ ವಿರುದ್ಧವಾದ ಅಪರಾಧವೆಂದು ಸಾರಿತು. ಆ ನಿರ್ಣಯದಲ್ಲಿ ವಂಶ, ಮತ, ರಾಜಕೀಯ ಮತ್ತು ಇತರ ಸಮೂಹಗಳೆಲ್ಲ ಸೇರಿದ್ದುವು. ಭಾರತವು ಕೈಜೋಡಿಸಿ ತೆರೆದ ಬಾಗಿಲು ಅಷ್ಟು ಅಗಲವಾಗಿದ್ದಿತು.

೩

ಅನಂತರದ ಎರಡು ವರ್ಷಗಳಲ್ಲಿ ಅದು ಕ್ರಮಕ್ರಮವಾಗಿ ಕಿರಿದಾಯಿತು. ೧೯೪೭ರಲ್ಲಿ ವಿಶ್ವಸಂಸ್ಥೆಯ ಕಾರ್ಯಾಲಯವು ಲೆಮ್ಕಿನ್ ಮೊದಲಾದ ಮೂವರು ತಜ್ಞರ ನೆರವಿನಿಂದ ಸಿದ್ಧಪಡಿಸಿದ ಕರಡಿನಲ್ಲಿ ವಂಶ, ರಾಷ್ಟ್ರ, ಭಾಷೆ, ಮತ, ರಾಜಕೀಯ ಎಂದು ಐದು ಹೆಸರುಗಳಿದ್ದುವು. ೧೯೪೮ರ ವಸಂತದಲ್ಲಿ ಒಂದು ಉಪಸಮಿತಿಯು ತಿದ್ದಿದ ಕರಡಿನಲ್ಲಿ ಭಾಷೆಯು ಬಿದ್ದುಹೋಯಿತು. ಭಾಷೆಯ ಕಾರಣದಿಂದ ಪ್ರಾಂತಗಳ ಎಲ್ಲೆಗಳನ್ನೇ ತಿದ್ದಿಕೊಂಡ ನಮ್ಮ ದೇಶದವರಿಗೆ ಇದು ಸಣ್ಣ ಸಂಗತಿಯಾಗಿ ತೋರದು. ಒಂದು ಸಮೂಹದ ಭಾಷೆಯನ್ನೂ ಗ್ರಂಥಗಳನ್ನೂ ದೇವಾಲಯಗಳನ್ನೂ ಅಳಿಸುವುದನ್ನು ಅಪರಾಧವೆನ್ನುವ ವಿಧಿಯೊಂದು ಆ ಕರಡುಗಳಲ್ಲಿ ಇದ್ದಿತು. ಅದನ್ನೂ ಪ್ಯಾರಿಸ್ಸಿನ ಸಮಿತಿಯು ತೆಗೆದುಹಾಕಿತು.

ಮುಖ್ಯವಾದ ವಿವಾದವು ರಾಜಕೀಯ ಸಮೂಹಗಳನ್ನು ಕುರಿತದ್ದು. ಅವು ಇರಕೂಡದೆಂದವರಲ್ಲಿ ಸೋವಿಯೆಟ್ ಒಕ್ಕೂಟವು ಅಗ್ರಗಣ್ಯವಾಗಿದ್ದಿತು. ಆದರೆ ಅದೊಂದೇ ಅಲ್ಲ. ದಕ್ಷಿಣ ಅಮೆರಿಕದ ಹಲವು ರಾಜ್ಯಗಳೂ ಇರಾನ್, ಈಜಿಪ್ಟ್ ಮುಂತಾದುವೂ ಆ ಪಕ್ಷಕ್ಕೆ ಒಲಿದಿದ್ದುವು. ಅವರು ಕೊಟ್ಟ ಕಾರಣಗಳಾವುವೆಂದರೆ: ರಾಜಕೀಯ ಪಕ್ಷವು ಸ್ಥಿರವಾದ ಸಮೂಹವಲ್ಲ, ಇಂದು ಸೇರಿದವನು ನಾಳೆ ಬಿಡಬಹುದು, ಅಂಥವುಗಳಿಗೆ ರಕ್ಷೆ ಕೊಟ್ಟರೆ ದಂಗೆಯನ್ನು ಅಡಗಿಸುವ ಸರ್ಕಾರದ ಕೈಕಟ್ಟಿದಂತಾಗುವುದು, ಅನೇಕ ರಾಜ್ಯಗಳು ಒಡಂಬಡಿಕೆಗೆ ರುಜುಹಾಕದೆ ಹಿಂಜರಿಯುವುವು. ಇದಕ್ಕೆ ಪ್ರತಿಯಾಗಿ ಫ್ರಾನ್ಸಿನ ಪ್ರತಿನಿಧಿಯು, ಹಿಂದೆ ವಂಶ ಮತಗಳ ಹೆಸರಿನಲ್ಲಿ ಇಂಥ ಹತ್ಯೆಗಳು ನಡೆದಿರಬಹುದಾದರೂ ಮುಂದೆ ಅವು ಮುಖ್ಯವಾಗಿ ರಾಜಕೀಯದ ಹೆಸರಿನಲ್ಲಿಯೇ ನಡೆಯುವುವೆಂದು ಎಚ್ಚರಿಸಿದನು. ಅಕ್ಟೋಬರಿನಲ್ಲಿ ಸಮಿತಿಯು ರಾಜಕೀಯ ಸಮೂಹಗಳನ್ನು ಉಳಿಸಿಕೊಂಡಿತು. ನವೆಂಬರ್ ೨೯ರಂದು ಪ್ರಶ್ನೆಯನ್ನು ಮತ್ತೆ ಎತ್ತಿ, ೨೨ಕ್ಕೆ ೬ ವೋಟುಗಳಿಂದ, ೧೨ ರಾಜ್ಯಗಳು ತಟಸ್ಥವಾಗಿರಲು, ಅವುಗಳನ್ನು ತೆಗೆದುಹಾಕಿತು. ಮೊದಲು ಅವುಗಳ ಪಕ್ಷವನ್ನು ವಹಿಸಿದ್ದ ಅಮೆರಿಕೆಯು ಒಡಂಬಡಿಕೆ ಕೈಗೂಡಲೆಂಬ ಆಶೆಯಿಂದ ಸುಮ್ಮನಾಯಿತು. ತನ್ನ ಶಿಶುವು ಹೇಗಾದರೂ ಬದುಕಿದರೆ ಸಾಕೆಂದಿದ್ದ ಲೆಮ್ಕಿನ್ ಕೂಡ ಇದಕ್ಕೆ ಒಪ್ಪಿದ್ದನು. ‘ಜನಾಂಗ’ ಎಂಬ ಗುರುತು ಸೇರಿದುದೂ ಅದೇ ಸಮಿತಿಯಲ್ಲಿ. ಸ್ವೀಡನ್ನಿನ ಸೂಚನೆಯ ಮೇಲೆ, ೧೮ಕ್ಕೆ ೧೭ ವೋಟುಗಳಿಂದ. ಒಂದೇ ಒಂದು ವೋಟು ಆ ಕಡೆಗೆ ಸರಿದಿದ್ದರೆ ಆ ಮಾತೇ ಶಾಸನದಲ್ಲಿ ಇರುತ್ತಿರಲಿಲ್ಲ.

ಸ್ಥಿರವಾದ ಸಮೂಹಕ್ಕೆ ಮಾತ್ರ ರಕ್ಷೆಯೆಂಬ ವಾದವು ಮೇಲುನೋಟಕ್ಕೆ ಸಮಂಜಸವೇ. ಆದರೆ ಮತವನ್ನು ಮನುಷ್ಯನು ಬದಲಾಯಿಸಬಲ್ಲನು, ರಾಷ್ಟ್ರೀಯತೆಯನ್ನೂ ಬದಲಾಯಿಸಬಲ್ಲನು. ಅವೆರಡೂ ಪಟ್ಟಿಯಲ್ಲಿ ಉಳಿದುವು. ಹುಟ್ಟಿನಿಂದಲೇ ಅಂಗಹೀನನಾದವನು ತನ್ನ ಸ್ಥಿತಿಯನ್ನು ಬಿಡಲಾರನು; ಅವನಂಥವರ ಹೆಸರು ಪಟ್ಟಿಯಲ್ಲಿಲ್ಲ. ಆದುದರಿಂದ ಆ ನಾಲ್ಕು ಹೆಸರುಗಳನ್ನು ಆರಿಸಿದುದು ತರ್ಕವಲ್ಲ, ಒಂದು ಶರತ್ಕಾಲದ ರಾಜಿ ಎಂದು ಹೇಳದೆ ವಿಧಿಯಿಲ್ಲ. ಪಟ್ಟಿಯನ್ನು ಬರೆದವರು ರಾಜ್ಯಗಳ ಪ್ರತಿನಿಧಿಗಳು. ತಮ್ಮ ತಮ್ಮ ರಾಜ್ಯಗಳು ಯಾವ ಆರೋಪಕ್ಕೆ ಗುರಿಯಾಗಬಹುದೆಂಬ ಲೆಕ್ಕವು ಅವರ ಮನಸ್ಸಿನಲ್ಲಿ ಇದ್ದೇ ಇದ್ದಿತು.

೪

ಈ ರಾಜಿಯ ಬೆಲೆಯೆಷ್ಟೆಂಬುದು ಕಾಂಬೋಡಿಯದಲ್ಲಿ ತಿಳಿದುಬಂದಿತು. ಅಲ್ಲಿ ೧೯೭೫ನೆಯ ಏಪ್ರಿಲಿನಿಂದ ೧೯೭೯ನೆಯ ಜನವರಿಯವರೆಗೆ ಆಳಿದ ಖ್ಮೇರ್ ರೂಜ್ ಪಕ್ಷದ ಕಾಲದಲ್ಲಿ ೧೫ ಲಕ್ಷದಿಂದ ೨೦ ಲಕ್ಷ ಜನರು ಕೊಲೆಯಿಂದಲೂ ಹಸಿವಿನಿಂದಲೂ ದುಡಿಮೆಯ ಯಾತನೆಯಿಂದಲೂ ಸತ್ತರೆಂದು ಗಣನೆಯಿದೆ. ಅವರಲ್ಲಿ ಹೆಚ್ಚಿನವರು ಖ್ಮೇರರೇ, ಕೊಂದವರೂ ಖ್ಮೇರರೇ. ನಗರವಾಸಿ, ವಿದ್ಯಾವಂತ, ಹಳೆಯ ಸರ್ಕಾರದ ಸೇವಕ, ಪಕ್ಷದ್ರೋಹಿ ಎಂಬಿವೇ ಮರಣಕ್ಕೆ ಕಾರಣವಾದ ಗುರುತುಗಳು. ವಿಶ್ವಸಂಸ್ಥೆಯ ನೆರವಿನಿಂದ ಏರ್ಪಟ್ಟ ವಿಶೇಷ ನ್ಯಾಯಸ್ಥಾನವು ೨೦೧೮ನೆಯ ನವೆಂಬರ್ ೧೬ರಂದು ತೀರ್ಪುಕೊಟ್ಟಾಗ, ವಿಯೆಟ್ನಾಮೀಯರ ನಾಶಕ್ಕಾಗಿ ನುವೊನ್ ಚೆಯಾ ಮತ್ತು ಖಿಯು ಸಂಫಾನ್ ಇಬ್ಬರನ್ನೂ, ಮಹಮ್ಮದೀಯರಾದ ಚಾಮ್ ಜನರ ನಾಶಕ್ಕಾಗಿ ನುವೊನ್ ಚೆಯಾನನ್ನೂ ಜನಾಂಗಹತ್ಯೆಯ ಅಪರಾಧಿಗಳೆಂದು ನಿರ್ಣಯಿಸಿತು. ಬಹುಸಂಖ್ಯಾತರಾದ ಖ್ಮೇರರ ಮರಣಕ್ಕೆ ಆ ಹೆಸರು ದೊರೆಯಲಿಲ್ಲ. ಅದು ಮಾನವತೆಯ ವಿರುದ್ಧ ಅಪರಾಧವೆಂದು ಎಣಿಕೆಯಾಯಿತು. ಒಂದೇ ಗದ್ದೆಯಲ್ಲಿ, ಒಂದೇ ಆಳ್ವಿಕೆಯ ಕೈಯಿಂದ ಸತ್ತವರನ್ನು ಶಾಸನವು ಎರಡು ಸಾಲುಗಳಾಗಿ ಬೇರ್ಪಡಿಸಬೇಕಾಯಿತು.

ಪಟ್ಟಿಯಲ್ಲಿರುವ ಹೆಸರುಗಳಾದರೂ ಸ್ಪಷ್ಟವೆ? ರುವಾಂಡ ದೇಶದಲ್ಲಿ ೧೯೯೪ನೆಯ ಏಪ್ರಿಲಿನಿಂದ ಸುಮಾರು ನೂರು ದಿನಗಳಲ್ಲಿ ಲಕ್ಷಾಂತರ ಮಂದಿ ಟುಟ್ಸಿಗಳು ಹತರಾದರು. ಕೊಂದ ಹುಟುಗಳಿಗೂ ಸತ್ತ ಟುಟ್ಸಿಗಳಿಗೂ ಭಾಷೆ ಒಂದೇ, ಮತ ಒಂದೇ, ವಾಸಿಸುವ ಗುಡ್ಡ ಒಂದೇ. ನಡುವೆ ವಿವಾಹಸಂಬಂಧವೂ ಉಂಟು. ಹೀಗಿರಲು ಟುಟ್ಸಿಗಳು ನಾಲ್ಕರಲ್ಲಿ ಯಾವ ಸಮೂಹ? ಅರುಷಾ ನಗರದಲ್ಲಿ ಕುಳಿತ ಅಂತರರಾಷ್ಟ್ರೀಯ ನ್ಯಾಯಸ್ಥಾನವು ೧೯೯೮ನೆಯ ಸೆಪ್ಟೆಂಬರ್ ೨ರಂದು ಅಕಾಯೆಸು ಎಂಬ ಪುರಾಧ್ಯಕ್ಷನ ಮೊಕದ್ದಮೆಯಲ್ಲಿ ಈ ತೊಡಕನ್ನು ಎದುರಿಸಿತು. ಸಾಮಾನ್ಯ ಭಾಷೆಯಾಗಲಿ ಸಂಸ್ಕೃತಿಯಾಗಲಿ ಉಳ್ಳದ್ದು ಜನಾಂಗವೆಂದು ಲಕ್ಷಣ ಹೇಳಿದರೆ ಟುಟ್ಸಿಗಳು ಬೇರೆ ಜನಾಂಗವಾಗುವಂತಿಲ್ಲ. ಆದರೆ ೧೯೩೦ರ ದಶಕದ ಆರಂಭದಲ್ಲಿ ಬೆಲ್ಜಿಯಮ್ಮಿನ ಅಧಿಕಾರಿಗಳು ಜಾರಿಗೆ ತಂದ ಗುರುತಿನ ಚೀಟಿಯಲ್ಲಿ ಪ್ರತಿಯೊಬ್ಬನೂ ಹುಟು ಅಥವಾ ಟುಟ್ಸಿ ಎಂದು ಬರೆಯಲ್ಪಟ್ಟಿದ್ದನು. ತಂದೆಯ ಗುರುತೇ ಮಕ್ಕಳಿಗೂ ಬರುತ್ತಿದ್ದಿತು. ೧೯೯೪ರಲ್ಲಿ ಹಾದಿಯ ತಡೆಗಳಲ್ಲಿ ಆ ಚೀಟಿಯನ್ನು ನೋಡಿಯೇ ಕೊಲ್ಲುತ್ತಿದ್ದರು. ಇದನ್ನೆಲ್ಲ ಮನಗಂಡು ನ್ಯಾಯಾಧೀಶರು ಟುಟ್ಸಿಗಳನ್ನು ಜನಾಂಗವೆಂದು ಒಪ್ಪಿ, ಹುಟ್ಟಿನಿಂದ ಬರುವ ಸ್ಥಿರವಾದ ಸಮೂಹಗಳೆಲ್ಲ ಒಡಂಬಡಿಕೆಯ ರಕ್ಷೆಗೆ ಅರ್ಹವೆಂದೂ ಹೇಳಿದರು. ಈ ವಿಶಾಲಾರ್ಥವನ್ನು ಮುಂದಿನ ತೀರ್ಪುಗಳು ಅಷ್ಟಾಗಿ ಅನುಸರಿಸಲಿಲ್ಲ. ಅವು ಬೇರೊಂದು ದಾರಿ ಹಿಡಿದುವು.

ಆ ದಾರಿಯೆಂದರೆ ಕೊಲ್ಲುವವನ ಕಣ್ಣಿನಿಂದ ನೋಡುವುದು. ಬಾಸ್ನಿಯದ ಯುದ್ಧಕ್ಕೆ ಸಂಬಂಧಿಸಿದ ಯೆಲಿಸಿಚ್ ಮೊಕದ್ದಮೆಯಲ್ಲಿ ಹೇಗ್ ನಗರದ ನ್ಯಾಯಸ್ಥಾನವು ೧೯೯೯ನೆಯ ಡಿಸೆಂಬರಿನಲ್ಲಿ, ರಾಷ್ಟ್ರ ಜನಾಂಗ ವಂಶಗಳ ಲಕ್ಷಣವನ್ನು ವಿಜ್ಞಾನದಿಂದ ನಿರ್ಣಯಿಸುವ ಯತ್ನವು ಅಪಾಯಕರವೆಂದೂ, ಒಂದು ಸಮೂಹವನ್ನು ಉಳಿದವರಿಂದ ಬೇರ್ಪಡಿಸಲು ಬಯಸಿದವನು ಅದನ್ನು ಹೇಗೆ ಕಂಡನೆಂಬುದೇ ಮುಖ್ಯವೆಂದೂ ಹೇಳಿತು. ಆದರೆ ಇದಕ್ಕೂ ಎಲ್ಲೆಯುಂಟು. ಸ್ತಾಕಿಚ್ ಮೊಕದ್ದಮೆಯ ಅಪೀಲಿನಲ್ಲಿ ೨೦೦೬ರಲ್ಲಿಯೂ, ಬಾಸ್ನಿಯ-ಸರ್ಬಿಯಗಳ ವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ೨೦೦೭ರಲ್ಲಿಯೂ, ‘ನಮ್ಮವರಲ್ಲದವರೆಲ್ಲ’ ಎಂಬುದು ಒಂದು ಸಮೂಹವಾಗಲಾರದು, ಸಮೂಹಕ್ಕೆ ತನ್ನದೇ ಆದ ಗುರುತು ಬೇಕು ಎಂದು ತೀರ್ಮಾನವಾಯಿತು.

ಹೆಸರನ್ನು ಅಂಟಿಸಿ ಕೊಲ್ಲುವುದು ಒಂದು ಬಗೆ. ಹೆಸರನ್ನೇ ಇಲ್ಲವೆನ್ನುವುದು ಇನ್ನೊಂದು. ಬರ್ಮಾ ದೇಶದ ಸರ್ಕಾರವು ಅಂಗೀಕರಿಸಿದ ಜನಾಂಗಗಳ ಪಟ್ಟಿಯಲ್ಲಿ ರೋಹಿಂಗ್ಯಾ ಎಂಬ ಹೆಸರಿಲ್ಲ. ಗ್ಯಾಂಬಿಯಾ ದೇಶವು ತಂದ ವ್ಯಾಜ್ಯದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು ೨೦೨೦ನೆಯ ಜನವರಿ ೨೩ರ ಮಧ್ಯಂತರ ಆಜ್ಞೆಯಲ್ಲಿ, ರೋಹಿಂಗ್ಯಾಗಳು ಒಡಂಬಡಿಕೆಯ ರಕ್ಷೆಗೆ ಒಳಪಟ್ಟ ಸಮೂಹವಾಗಿ ತೋರುವರೆಂದು ಹೇಳಿತು. ಸರ್ಕಾರವು ಕೊಡದ ಹೆಸರನ್ನು ನ್ಯಾಯಾಲಯವು ತಾತ್ಕಾಲಿಕವಾಗಿಯಾದರೂ ಎತ್ತಿಹಿಡಿಯಿತು.

೫

ಪ್ರತ್ಯೇಕ ದೇಶಗಳ ಶಾಸನಗಳನ್ನು ನೋಡಿದರೆ ಪಟ್ಟಿಯು ಒಂದೇ ಆಗಿಲ್ಲ. ಪ್ಯಾರಿಸ್ಸಿನಲ್ಲಿ ತೆಗೆದುಹಾಕಿದ್ದನ್ನು ಕೆಲವು ರಾಜ್ಯಗಳು ತಮ್ಮ ಮನೆಯಲ್ಲಿ ಮತ್ತೆ ಸೇರಿಸಿಕೊಂಡುವು. ಇಥಿಯೋಪಿಯದ ೧೯೫೭ರ ದಂಡಸಂಹಿತೆಯು ರಾಜಕೀಯ ಸಮೂಹಗಳನ್ನು ಹೆಸರಿಸಿತು. ಅದರ ಬಲದಿಂದಲೇ ಆ ದೇಶವನ್ನಾಳಿದ ಮೆಂಗಿಸ್ತು ಹೈಲೆ ಮರಿಯಮ್ ೨೦೦೬ನೆಯ ಡಿಸೆಂಬರಿನಲ್ಲಿ, ತಾನು ಪರದೇಶದಲ್ಲಿರುವಾಗಲೇ, ಜನಾಂಗಹತ್ಯೆಯ ಅಪರಾಧಿಯೆಂದು ನಿರ್ಣೀತನಾದನು. ಬಾಂಗ್ಲಾದೇಶವು ೧೯೭೩ರ ಶಾಸನದಲ್ಲಿ ರಾಜಕೀಯ ಸಮೂಹವನ್ನು ಐದನೆಯದಾಗಿ ಸೇರಿಸಿತು. ೧೯೯೪ರಲ್ಲಿ ಜಾರಿಗೆ ಬಂದ ಫ್ರಾನ್ಸಿನ ಸಂಹಿತೆಯು ನಾಲ್ಕು ಹೆಸರುಗಳ ಜೊತೆಗೆ, ಬೇರೆ ಯಾವುದೇ ಮನಸ್ವೀ ಗುರುತಿನಿಂದ ನಿರ್ಧರಿಸಿದ ಸಮೂಹವನ್ನೂ ರಕ್ಷೆಗೆ ತಂದಿತು. ಆದರೆ ಕೃತ್ಯದ ಹಿಂದೆ ಪೂರ್ವಯೋಜನೆ ಇರಬೇಕೆಂಬ ಕಟ್ಟನ್ನೂ ಹಾಕಿತು. ಸ್ಪೇನ್ ೨೦೧೦ರಲ್ಲಿ ಅಂಗವಿಕಲರನ್ನು ತನ್ನ ಪಟ್ಟಿಗೆ ಸೇರಿಸಿತು.

ಹಾಗಾದರೆ ಎಲ್ಲರೂ ಹೀಗೆಯೇ ವಿಸ್ತರಿಸಿಕೊಂಡರೆ ಆಯಿತಲ್ಲ ಎನ್ನಬಹುದು. ಅದರಲ್ಲಿಯೂ ಒಂದು ತೊಡಕುಂಟು. ಅದನ್ನು ತೋರಿಸಿಕೊಟ್ಟುದು ಲಿಥುವೇನಿಯದ ವ್ಯಾಜ್ಯ. ಎರಡನೆಯ ಮಹಾಯುದ್ಧದ ಅನಂತರ ಸೋವಿಯೆಟ್ ಆಳ್ವಿಕೆಯ ವಿರುದ್ಧ ಕಾಡುಗಳಲ್ಲಿದ್ದು ಹೋರಾಡಿದ ಯೋಧರನ್ನು ೧೯೫೩ರಲ್ಲಿ ಕೊಂದುದಕ್ಕಾಗಿ ಹಿಂದಣ ಅಧಿಕಾರಿಯೊಬ್ಬನನ್ನು, ದೇಶವು ಸ್ವತಂತ್ರವಾದ ಮೇಲೆ ಮಾಡಿದ ಶಾಸನದ ಪ್ರಕಾರ, ರಾಜಕೀಯ ಸಮೂಹವೊಂದರ ಹತ್ಯೆಗಾಗಿ ದಂಡಿಸಲಾಯಿತು. ಸ್ಟ್ರಾಸ್‌ಬುರ್ಗಿನ ಯೂರೋಪಿಯ ಮಾನವಹಕ್ಕು ನ್ಯಾಯಾಲಯವು ೨೦೧೫ರಲ್ಲಿ ೯ಕ್ಕೆ ೮ ವೋಟುಗಳಿಂದ ಇದು ತಪ್ಪೆಂದಿತು. ೧೯೫೩ರಲ್ಲಿ ರಾಷ್ಟ್ರಗಳ ನ್ಯಾಯವು ರಾಜಕೀಯ ಸಮೂಹಕ್ಕೆ ಈ ರಕ್ಷೆಯನ್ನು ಕೊಟ್ಟಿರಲಿಲ್ಲ. ಅಂದು ಅಪರಾಧವಲ್ಲದ ಹೆಸರನ್ನು ಇಂದು ಹಿಂದಕ್ಕೆ ಎಳೆದು ಹೊರಿಸಲಾಗದು ಎಂಬುದು ಅದರ ತಾತ್ಪರ್ಯ. ೨೦೧೯ರಲ್ಲಿ ಅಂಥದೇ ಇನ್ನೊಂದು ವ್ಯಾಜ್ಯದಲ್ಲಿ, ಆ ಯೋಧರು ಲಿಥುವೇನಿಯದ ರಾಷ್ಟ್ರ ಮತ್ತು ಜನಾಂಗದ ಉಳಿವಿಗೆ ಅತ್ಯಗತ್ಯವಾದ ಭಾಗವಾಗಿದ್ದರೆಂದು ಆ ದೇಶದ ಉಚ್ಚ ನ್ಯಾಯಸ್ಥಾನವು ಕಾರಣಸಹಿತ ತೋರಿಸಿಕೊಟ್ಟುದನ್ನು ಅದೇ ನ್ಯಾಯಾಲಯವು ಒಪ್ಪಿತು. ಸತ್ತವರು ಅದೇ ಕಾಡಿನ ಯೋಧರು. ರಾಜಕೀಯವೆಂದಾಗ ಬಿದ್ದುಹೋದ ಆರೋಪವು ರಾಷ್ಟ್ರವೆಂದಾಗ ನಿಂತಿತು.

ಪಟ್ಟಿಯ ಹೊರಗಿದ್ದವರು ನಿರ್ಗತಿಕರೆಂದು ತಿಳಿಯಬೇಕಾಗಿಲ್ಲ. ೧೯೯೮ರಲ್ಲಿ ರೋಮಿನಲ್ಲಿ ಮಾಡಿದ ಅಂತರರಾಷ್ಟ್ರೀಯ ಕ್ರಿಮಿನಲ್ ನ್ಯಾಯಾಲಯದ ಶಾಸನವು ಜನಾಂಗಹತ್ಯೆಯ ಹಳೆಯ ನಾಲ್ಕು ಹೆಸರುಗಳನ್ನು ಹಾಗೆಯೇ ಇಟ್ಟುಕೊಂಡು, ಮಾನವತೆಯ ವಿರುದ್ಧ ಅಪರಾಧವೆಂಬ ಪಕ್ಕದ ವಿಧಿಯಲ್ಲಿ ರಾಜಕೀಯ ಸಮೂಹ ಮೊದಲಾದುವುಗಳ ಪೀಡನೆಯನ್ನೂ ದಂಡನೀಯವಾಗಿ ಮಾಡಿದೆ. ಆದರೆ ಎರಡು ಹೆಸರುಗಳಿಗೂ ಫಲವು ಸಮಾನವಲ್ಲ. ಜನಾಂಗಹತ್ಯೆಯನ್ನು ನಡೆದ ಮೇಲೆ ದಂಡಿಸುವುದಲ್ಲದೆ ನಡೆಯುವ ಮುನ್ನ ತಡೆಯುವ ಭಾರವನ್ನೂ ಒಡಂಬಡಿಕೆಯು ರುಜುಹಾಕಿದ ಪ್ರತಿಯೊಂದು ರಾಜ್ಯದ ಮೇಲೆ ಹೊರಿಸುತ್ತದೆ. ಸ್ರೆಬ್ರೆನಿತ್ಸದಲ್ಲಿ ೧೯೯೫ರಲ್ಲಿ ನಡೆದ ಹತ್ಯೆಯನ್ನು ತಡೆಯಲಿಲ್ಲವೆಂದು ೨೦೦೭ರಲ್ಲಿ ಸರ್ಬಿಯವು ತಪ್ಪಿತಸ್ಥವಾದುದು ಈ ಕಾರಣದಿಂದಲೇ. ಇನ್ನೊಂದು ಅಪರಾಧಕ್ಕೆ ಇಂಥ ಪ್ರತ್ಯೇಕ ಒಡಂಬಡಿಕೆಯು ಆಗಿರಲಿಲ್ಲವಾದುದರಿಂದ, ಅದನ್ನು ರಚಿಸಲು ೨೦೨೮ ಮತ್ತು ೨೦೨೯ರಲ್ಲಿ ಸಮ್ಮೇಳನವನ್ನು ಕರೆಯಬೇಕೆಂದು ಮಹಾಸಭೆಯು ೨೦೨೪ನೆಯ ಡಿಸೆಂಬರಿನಲ್ಲಿ ನಿರ್ಣಯಿಸಿತು.

೬

ಇನ್ನು ನಮ್ಮ ದೇಶದ ಮಾತು. ೧೯೪೬ರಲ್ಲಿ ಸೂಚನೆಯನ್ನು ತಂದ ಮೂವರಲ್ಲಿ ಒಬ್ಬರಾಗಿದ್ದ ನಾವು ೧೯೪೯ನೆಯ ನವೆಂಬರ್ ೨೯ರಂದು ಒಡಂಬಡಿಕೆಗೆ ರುಜುಹಾಕಿ, ೧೯೫೯ನೆಯ ಆಗಸ್ಟ್ ೨೭ರಂದು ಅದನ್ನು ಸ್ಥಿರಪಡಿಸಿದೆವು. ನಮ್ಮ ಒಪ್ಪಿಗೆಯಿಲ್ಲದೆ ಯಾವ ವ್ಯಾಜ್ಯವೂ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಗಕೂಡದೆಂಬ ಷರತ್ತನ್ನು ಅದಕ್ಕೆ ಸೇರಿಸಿದೆವು. ಅದರ ಮರುದಿನವೇ ನ್ಯೂಯಾರ್ಕಿನಲ್ಲಿ ಲೆಮ್ಕಿನ್ ತೀರಿಕೊಂಡನು. ಒಡಂಬಡಿಕೆಯ ಐದನೆಯ ವಿಧಿಯು ಪ್ರತಿ ರಾಜ್ಯವೂ ಇದಕ್ಕೆ ತಕ್ಕ ಶಾಸನವನ್ನು ಮಾಡಬೇಕೆನ್ನುತ್ತದೆ. ಅಂಥ ಶಾಸನವು ನಮ್ಮಲ್ಲಿ ಆಗಲಿಲ್ಲ. ೧೯೮೪ರಲ್ಲಿ ದೆಹಲಿಯಲ್ಲಿ ಸಿಖ್ಖರ ಮೇಲೆ ನಡೆದ ಹತ್ಯಾಕಾಂಡಕ್ಕೆ ಸೇರಿದ ಒಂದು ಮೊಕದ್ದಮೆಯಲ್ಲಿ ದೆಹಲಿಯ ಹೈಕೋರ್ಟು ೨೦೧೮ನೆಯ ಡಿಸೆಂಬರ್ ೧೭ರ ತೀರ್ಪಿನಲ್ಲಿ, ಜನಾಂಗಹತ್ಯೆಯಾಗಲಿ ಮಾನವತೆಯ ವಿರುದ್ಧ ಅಪರಾಧವಾಗಲಿ ದೇಶದ ದಂಡವಿಧಿಯಲ್ಲಿಲ್ಲವೆಂದೂ, ಈ ಕೊರತೆಯನ್ನು ಬೇಗನೆ ತುಂಬಬೇಕೆಂದೂ ಹೇಳಿತು. ೨೦೨೪ನೆಯ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯಲ್ಲಿಯೂ ಆ ಎರಡಕ್ಕೂ ಸ್ಥಳ ದೊರೆಯಲಿಲ್ಲ.

ಸಮೂಹಗಳನ್ನು ಹೆಸರಿಸುವುದು ನಮ್ಮ ಶಾಸನಕಾರರಿಗೆ ಅರಿಯದ ವಿದ್ಯೆಯಲ್ಲ. ಪಂಗಡಪಂಗಡಗಳ ನಡುವೆ ದ್ವೇಷವನ್ನು ಬಿತ್ತುವುದನ್ನು ದಂಡಿಸುವ ಹಳೆಯ ಸಂಹಿತೆಯ ೧೫೩-ಎ ವಿಧಿಯೂ, ಅದರ ಸ್ಥಾನದಲ್ಲಿ ಬಂದ ಹೊಸ ಸಂಹಿತೆಯ ೧೯೬ನೆಯ ವಿಧಿಯೂ ಮತ, ವಂಶ, ಜನ್ಮಸ್ಥಳ, ವಾಸಸ್ಥಳ, ಭಾಷೆ, ಜಾತಿ, ಕೋಮು ಎಂದು ಎಣಿಸಿಹೇಳುತ್ತವೆ. ಪ್ಯಾರಿಸ್ಸಿನ ಪಟ್ಟಿಗೆ ಬಾರದ ಭಾಷೆ ಜಾತಿಗಳು ಇಲ್ಲಿ ಕಾಣಿಸಿಕೊಂಡಿವೆ. ದ್ವೇಷದ ಮಾತನ್ನಾಡಿದವನು ಯಾವ ಸಮೂಹವನ್ನು ಕುರಿತು ಆಡಿದನೆಂದು ಕೇಳುವ ಶಾಸನವು, ಅದೇ ಸಮೂಹವನ್ನು ನಿರ್ಮೂಲಮಾಡಹೊರಟವನನ್ನು ಕೊಲೆಗಾರನೆಂದಷ್ಟೇ ಕರೆದು ಸುಮ್ಮನಿರುವುದು ವಿಚಿತ್ರವಲ್ಲವೆ?

ಪಟ್ಟಿಯು ಎಷ್ಟು ಉದ್ದವಾದರೂ ಕೊಲ್ಲಬಯಸಿದವನು ಅದರ ಹೊರಗೊಂದು ಹೆಸರನ್ನು ಕಂಡುಕೊಳ್ಳಬಲ್ಲನೆಂಬುದನ್ನು ಕಾಂಬೋಡಿಯದ ಚರಿತ್ರೆಯು ಕಲಿಸಿದೆ. ಹಿಂದೆ ನಡೆದುದಕ್ಕೆ ಹೊಸ ಹೆಸರನ್ನು ಹೊರಿಸಲಾಗದೆಂಬುದನ್ನು ಲಿಥುವೇನಿಯದ ತೀರ್ಪು ಕಲಿಸಿದೆ. ಈ ಎರಡು ಪಾಠಗಳನ್ನೂ ಒಟ್ಟಿಗೆ ಇಟ್ಟುಕೊಂಡರೆ ಮಾಡತಕ್ಕ ಕೆಲಸವು ಸ್ಪಷ್ಟವಾಗುವುದು. ಜನಾಂಗಹತ್ಯೆಯನ್ನೂ ಮಾನವತೆಯ ವಿರುದ್ಧ ಅಪರಾಧವನ್ನೂ ಜೊತೆಜೊತೆಯಾಗಿ ದೇಶದ ದಂಡವಿಧಿಯಲ್ಲಿ ಬರೆಯಬೇಕು. ಮೊದಲನೆಯದರಲ್ಲಿ ಭಾಷೆ ಜಾತಿಗಳನ್ನು ಸೇರಿಸುವ ವಿಚಾರವನ್ನು ಶಾಸನಸಭೆಯು ಬಹಿರಂಗವಾಗಿ ಚರ್ಚಿಸಬೇಕು. ಹೆಸರಿಲ್ಲದ ಸಮೂಹಗಳಿಗೆ ಎರಡನೆಯದು ಆಶ್ರಯವಾಗಬೇಕು. ಇದನ್ನು ಶಾಂತಿಯ ಕಾಲದಲ್ಲಿಯೇ ಮಾಡುವುದು ಯುಕ್ತ, ಏಕೆಂದರೆ ಶಾಸ್ತಿಯು ಶಾಸನದ ಮುಂದಿನ ಕಾಲಕ್ಕೆ ಮಾತ್ರ ಸಲ್ಲುತ್ತದೆ. ೧೯೪೬ರಲ್ಲಿ ನಾವು ಲೋಕಕ್ಕೆ ಸೂಚಿಸಿದುದನ್ನು ನಮ್ಮ ಮನೆಯಲ್ಲಿ ಬರೆದಿಡಲು ಇನ್ನೂ ಉಳಿದಿದೆ.